ಪಾಲೋ ಸೆಕೋ ವಾಸಯೋಗ್ಯವಲ್ಲ

ನಮ್ಮ ಪಾಲೋ ಸೆಕೋ ಕೌಂಟಿಯನ್ನು ಬಯ್ಯುವ ಹಕ್ಕು ಪಾಲೋ ಸೆಕೋದವರಿಗೆ ಮಾತ್ರ ಇದೆ. ಈ ಹಕ್ಕನ್ನು ನಾವು ದಿನವೂ ಚಲಾಯಿಸುತ್ತೇವೆ. ಬೆಳಗಾದರೆ ಗಾಳಿಯನ್ನು ಬಯ್ಯುತ್ತೇವೆ, ಮಧ್ಯಾಹ್ನ ಬಿಸಿಲನ್ನು, ಸಂಜೆಗೆ ಆ ಗಾಳಿ ತಂದು ಬಾಗಿಲಿಗೆ ಒಟ್ಟಿದ ಮರಳನ್ನು. ಇಲ್ಲಿ ನೆಲ ಅಗೆದರೆ ಹಾರೆ ಬಾಗುತ್ತದೆ, ಬಾವಿ ತೋಡಿದರೆ ಉಪ್ಪುನೀರು ಬರುತ್ತದೆ, ಮಳೆ ಎಂಬುದು ವರ್ಷದ್ದೆಲ್ಲ ಒಂದೇ ಮಧ್ಯಾಹ್ನ ಸುರಿದು ಹೋಗುವಾಗ ರಸ್ತೆಯನ್ನೂ ಹೊತ್ತುಕೊಂಡು ಹೋಗುತ್ತದೆ. ಇದನ್ನೆಲ್ಲ ನಾವು ಹೇಳಿದರೆ ಅನುಭವ, ಹೊರಗಿನವನು ಹೇಳಿದರೆ ಅಪಮಾನ. ವರ್ಲಿನ್ ಟ್ಯಾಗರ್ಟ್‌ಗೆ ಆದದ್ದು ಅರ್ಥವಾಗಲು ಇಷ್ಟು ಕಾನೂನು ತಿಳಿದಿದ್ದರೆ ಸಾಕು.

ವರ್ಲಿನ್ ಸ್ವಾವಲಂಬಿ. ಹಾಗೆಂದು ಅವನೇ ಹೇಳುತ್ತಿದ್ದುದರಿಂದ ಕೌಂಟಿಗೆಲ್ಲ ಗೊತ್ತಿತ್ತು. ಟಲ್ಸಾ ಪಟ್ಟಣದಲ್ಲಿ ಬೂಟಿನ ಅಂಗಡಿ ಇಟ್ಟಿದ್ದವನು ಒಂದು ದಿನ ಅದನ್ನು ಮುಚ್ಚಿ, ಹೆಂಡತಿ ನೆಲ್ಡಾಳನ್ನು ಕರೆದುಕೊಂಡು ಬಂದು, ಇಲ್ಲಿ ಕೆಂಪುಗುಡ್ಡದ ಬುಡದಲ್ಲಿ ಮರದ ಮನೆ ಕಟ್ಟಿಕೊಂಡ. "ನನ್ನ ಮನೆಗೆ ಯಾರ ತಂತೀನೂ ಇಲ್ಲ, ಯಾರ ಕೊಳವೇನೂ ಇಲ್ಲ ರೊವೀನಾ," ಎಂದು ನನ್ನ ಅಂಗಡಿಯ ಮುಂದೆ ನಿಂತು ಹೇಳುತ್ತಿದ್ದ. ಹೇಳುತ್ತಿದ್ದಾಗ ನನ್ನ ಅಂಗಡಿಯ ನಲ್ಲಿಯಿಂದ ಅವನ ಗಾಡಿಯ ಮೇಲಿನ ತೊಟ್ಟಿಗೆ ನೀರು ತುಂಬುತ್ತಿರುತ್ತಿತ್ತು. ನಲ್ಲಿಯ ಆಚೆ ತುದಿಯಲ್ಲಿ ಕೊಳವೆ ಇದೆ ಎಂದು ನಾನು ಹೇಳಲು ಹೋಗಲಿಲ್ಲ. ದನದ ಮೇವು, ಮೊಳೆ, ಹಗ್ಗ, ನೀರು ಮಾರುವವಳು ಗಿರಾಕಿಯ ತತ್ತ್ವಶಾಸ್ತ್ರಕ್ಕೆ ಕೈ ಹಾಕಬಾರದು.

ಅವನ ಕೈಗೆಲಸಗಳಲ್ಲಿ ಶ್ರೇಷ್ಠವಾದದ್ದು ಕಕ್ಕಸು. ಮನೆಯಿಂದ ದೂರದಲ್ಲಿ, ದಿಬ್ಬದ ಮೇಲೆ, ರೈಲು ಹಳಿಯಡಿ ಹಾಕುವ ಹಳೆಯ ಹಲಗೆಗಳಿಂದ ಕಟ್ಟಿದ್ದ. ಕೆಡವಿದ ಯಾವುದೋ ಚರ್ಚಿನ ಬಣ್ಣದ ಗಾಜಿನ ಕಿಟಕಿಯನ್ನು ಗುಜರಿಯಿಂದ ತಂದು ಅದಕ್ಕೆ ಕೂರಿಸಿದ್ದ. ಬೆಳಗಿನ ಬಿಸಿಲು ಬಿದ್ದರೆ ಹತ್ತು ಮೈಲಿಯಿಂದ ನೀಲಿಯಾಗಿ ಹೊಳೆಯುತ್ತಿತ್ತು. ಒಂದೇ ಕೊರತೆ ಎಂದರೆ ಅಪ್ಪಣೆ. ಗುಂಡಿ ತೋಡುವ ಮೊದಲು ನೈರ್ಮಲ್ಯ ಇಲಾಖೆಯ ಅಪ್ಪಣೆ ಪಡೆಯಬೇಕೆಂದು ಕಾಯಿದೆ ಇದೆ. ಕೌಂಟಿಯಲ್ಲಿ ಅದನ್ನು ಪಡೆದವರು ಯಾರೂ ಇರಲಿಲ್ಲ, ಅದಕ್ಕಾಗಿ ಹೆದರಿದವನು ಮಾತ್ರ ಇವನೊಬ್ಬನೇ. ಕುಂಬಳಕಾಯಿ ಕಳ್ಳ ಎಂದರೆ ಉಳಿದವರು ಆಚೀಚೆ ನೋಡುತ್ತಾರೆ. ವರ್ಲಿನ್ ಯಾರೂ ಏನೂ ಅನ್ನುವ ಮೊದಲೇ ಹೆಗಲು ಒರೆಸಿಕೊಳ್ಳುತ್ತಿದ್ದ.

ಮಾರ್ಚ್ ತಿಂಗಳ ಗಾಳಿಯ ಒಂದು ಬೆಳಿಗ್ಗೆ ಅವನ ಅಂಗಳಕ್ಕೆ ಒಂದು ಕಾರು ಬಂತು. ಇಳಿದ ಹೆಂಗಸು ಉದ್ದನೆಯ ಕಬ್ಬಿಣದ ಸರಳೊಂದನ್ನು ತೆಗೆದು ನೆಲಕ್ಕೆ ಚುಚ್ಚಿ ನೋಡಿದಳು. ವರ್ಲಿನ್‌ಗೆ ಅವಳು ಗುಂಡಿ ಹುಡುಕಲು ಬಂದ ನೈರ್ಮಲ್ಯ ಇಲಾಖೆಯವಳೆಂದು ತೀರ್ಮಾನಿಸಲು ಅಷ್ಟೇ ಸಾಕಾಯಿತು. ಮುಂದಿನ ಮಾತುಕತೆ ಆಮೇಲೆ ನನಗೆ ಇಬ್ಬರ ಬಾಯಿಂದಲೂ ಸಿಕ್ಕಿದೆ. ಇಬ್ಬರೂ ಒಂದೇ ರೀತಿ ಹೇಳಿದ್ದರಿಂದ ನಂಬಬೇಕಾಗಿದೆ.

"ನಾನು ಥೀಯಾ ಮಾರ್ಲೊ," ಎಂದಳು ಆಕೆ. "ಈ ಕೌಂಟಿ ಪರೀಕ್ಷೆ ಮಾಡೋಕೆ ಬಂದಿದೀನಿ. ಇಲ್ಲಿ ವಾಸ ಮಾಡ್ತಿರೋರು ನೀವೇನಾ?"

"ವಾಸಾನಾ? ಇಲ್ಲಿಯಾ? ಯಾರು ಹೇಳಿದ್ದು ನಿಮಗೆ?"

"ಮತ್ತೆ ನೀವು?"

ವರ್ಲಿನ್ ಕೆಳಗೆ ನೋಡಿದ. ಕಾಲ ಬಳಿ ಒಂದು ಕಲ್ಲಿತ್ತು. ಎತ್ತಿಕೊಂಡ. "ಭೂಗರ್ಭಶಾಸ್ತ್ರ. ಕಲ್ಲು ನೋಡ್ಕೊಂಡು ಹೀಗೇ ಹೋಗ್ತಿದ್ದೆ."

"ಆ ಮನೆ ಯಾರದು?"

"ಯಾರೋ ಬಿಟ್ಟು ಹೋಗಿದಾರೆ, ಪಾಪ. ಇಲ್ಲಿ ಯಾರು ತಾಳ್ತಾರೆ ಹೇಳಿ."

"ಹೊಗೆ ಬರ್ತಿದೆಯಲ್ಲ."

"ಅವಸರದಲ್ಲಿ ಹೋಗಿರಬೇಕು."

ಆಕೆ ಮನೆಯನ್ನೂ ಅವನ ಕಾಲಲ್ಲಿದ್ದ ಮನೆಚಪ್ಪಲಿಯನ್ನೂ ನೋಡಿದಳು. "ನೀರು ಸಿಗುತ್ತಾ ಈ ಕಡೆ?"

"ನೀರಿದ್ರೆ ತಾನೇ ಹೊಲಸು ನೀರು. ನೀರೇ ಇಲ್ಲ ಅಂದಮೇಲೆ ಹೊಲಸು ಎಲ್ಲಿಂದ ಬರಬೇಕು? ಹೊಲಸು ಇಲ್ಲವೇ ಇಲ್ಲ, ಬರ್ಕೊಳ್ಳಿ."

"ದಿಬ್ಬದ ಮೇಲೆ ಹೊಳೀತಿದೆಯಲ್ಲ, ಆ ಪುಟ್ಟ ಕಟ್ಟಡ?"

"ಪ್ರಾರ್ಥನಾಮಂದಿರ."

"ಒಬ್ಬರು ಮಾತ್ರ ಹಿಡಿಸೋ ಹಾಗಿದೆ."

"ಒಬ್ಬೊಬ್ಬರೇ ಹೋಗ್ತಾರೆ. ಬಹಳ ಏಕಾಂತ ಬೇಕಾಗುತ್ತೆ."

ಇದೇ ಹೊತ್ತಿಗೆ ಮನೆಯ ಹಿಂದಿನಿಂದ ನೆಲ್ಡಾ ಅಗಲವಾದ ಹುಲ್ಲಿನ ಟೋಪಿ ಹಾಕಿಕೊಂಡು, ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದವಳು, ಅತಿಥಿಯನ್ನು ನೋಡಿ ಕೈ ಬೀಸಿ ಏನೋ ಕೂಗಿದಳು. ಕಾಫಿಗೆ ಕರೆದದ್ದು. ಗಾಳಿಯಲ್ಲಿ ಕೇಳಿಸಲಿಲ್ಲ.

"ಅವರು ಯಾರು?"

ಇಲ್ಲಿ ವರ್ಲಿನ್ ಟ್ಯಾಗರ್ಟ್ ತನ್ನ ಜೀವನದ ಅತಿ ದೊಡ್ಡ ತಪ್ಪು ಮಾಡಿದ. "ಯಾರೋ ದಿಕ್ಕು ತಪ್ಪಿದ ಹೆಂಗಸು. ಬಿಸಿಲಿಗೆ ಬುದ್ಧಿ ಕಲಕಿರಬೇಕು. ನಾನು ಊರು ಮುಟ್ಟಿಸ್ತೀನಿ, ನೀವು ಹೊರಡಿ," ಎಂದ.

ಆಕೆ ಹೊರಟಳು. ಅಧಿಕಾರಿಯನ್ನು ಬರಿಗೈಲಿ ಕಳಿಸಿದೆನೆಂದು ವರ್ಲಿನ್ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿಕೊಂಡು ಕುಡಿದ.

ಥೀಯಾ ಮಾರ್ಲೊ ಯಾವ ಇಲಾಖೆಯವಳೂ ಆಗಿರಲಿಲ್ಲ. "ಸ್ವಂತ ಒಲೆ" ಎಂಬ ಮಾಸಪತ್ರಿಕೆ ಇದೆ. ತಂತಿ, ಕೊಳವೆಗಳ ಹಂಗಿಲ್ಲದೆ ಬದುಕಬೇಕೆಂದು ಪಟ್ಟಣದಲ್ಲಿ ಕುಳಿತು ಆಸೆಪಡುವವರು ಅದನ್ನು ಓದುತ್ತಾರೆ. ಅಂಥವರು ಹೋಗಿ ನೆಲೆಸಲು ಮರುಭೂಮಿಯ ಯಾವ ಕೌಂಟಿ ಎಷ್ಟು ಯೋಗ್ಯ ಎಂದು ಅಂಕ ಹಾಕುವುದು ಅವಳ ಕೆಲಸ, ಆ ಸರಳು ಮಣ್ಣು ನೋಡಲು. ಮುಂದಿನ ತಿಂಗಳ ಸಂಚಿಕೆ ನನ್ನ ಅಂಗಡಿಗೆ ಬಂದಾಗ ಕೌಂಟಿ ಮಂಡಳಿಯ ಅಧ್ಯಕ್ಷ ಹೋಬಾರ್ಟ್ ಕ್ರೌಸ್ ಅಲ್ಲೇ ಇದ್ದ. ನಮ್ಮ ಹೆಸರು ಕಂಡು ಜೋರಾಗಿ ಓದಿದ.

"'ಪಾಲೋ ಸೆಕೋ ವಾಸಯೋಗ್ಯವಲ್ಲ. ಪರೀಕ್ಷಿಸಿದ ಕೌಂಟಿಗಳಲ್ಲಿ ಇದಕ್ಕೆ ಕೊನೆಯ ಸ್ಥಾನ. ಇಲ್ಲಿ ನೆಲೆಸಿದವರು ಒಲೆ ಉರಿಯುತ್ತಿರುವಾಗಲೇ ಮನೆ ಬಿಟ್ಟು ಓಡಿಹೋಗಿದ್ದಾರೆ. ನಮಗೆ ಕಂಡ ಏಕೈಕ ವಿದ್ಯಾವಂತ, ದಾರಿಹೋಕ ಭೂಗರ್ಭಶಾಸ್ತ್ರಜ್ಞರೊಬ್ಬರು, ಇಲ್ಲಿ ಮನುಷ್ಯರು ತಾಳುವುದಿಲ್ಲವೆಂದು ಖಚಿತಪಡಿಸಿದರು. ಸುಸ್ಥಿತಿಯಲ್ಲಿರುವ ಒಂದೇ ಕಟ್ಟಡವೆಂದರೆ ಒಂದು ಪುಟ್ಟ ಪ್ರಾರ್ಥನಾಮಂದಿರ.'"

ಹೋದ ವಾರವಷ್ಟೇ ಮಂಡಳಿಯ ಸಭೆಯಲ್ಲಿ ನಮ್ಮ ಕೌಂಟಿಯನ್ನು "ದೇವರು ಕಸ ಗುಡಿಸಿ ಒಟ್ಟಿದ ಮೂಲೆ" ಎಂದಿದ್ದ ಹೋಬಾರ್ಟ್‌ನ ಕುತ್ತಿಗೆ ಕೆಂಪಾಯಿತು. "ಇವಳ ಸೊಕ್ಕು ನೋಡಿದಿರಾ? ಕಾರಲ್ಲಿ ಬಂದು ಕಾರಲ್ಲಿ ಹೋದೋಳು, ನಮಗೆ ಯೋಗ್ಯತೆ ಇಲ್ಲ ಅಂತಾಳೆ."

ಮೇಕೆಗಳಿಗೆ ಉಪ್ಪು ಕೊಳ್ಳಲು ಬಂದಿದ್ದ ಚೆಂಚಾ ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. ಆಕೆಯ ಮನೆತನ ಇಲ್ಲಿರುವುದು ಕೌಂಟಿ ಎಂಬ ಮಾತು ಹುಟ್ಟುವುದಕ್ಕೂ ಮೊದಲಿನಿಂದ. "ನನ್ನ ಮುತ್ತಜ್ಜಿ ಇಲ್ಲೇ ಹನ್ನೊಂದು ಮಕ್ಕಳನ್ನ ಹೆತ್ತಳು. ಅದು ವಾಸ ಅಲ್ಲದೆ ಇನ್ನೇನಂತೆ? ಹಾದು ಹೋಗ್ತಾ ಹೋಗ್ತಾ ಹೆತ್ತಳಂತಾ?"

"ಆ ಕಲ್ಲಿನವನು ಯಾರು ಅಂತ ಮೊದಲು ಪತ್ತೆ ಆಗಲಿ," ಎಂದ ಹೋಬಾರ್ಟ್. "ಅವನ ಚರ್ಮ ಸುಲಿದು ನನ್ನ ಕುದುರೆ ಜೀನಿಗೆ ಹೊದಿಸ್ತೀನಿ."

ಮೂಲೆಯಲ್ಲಿ ನೂಲು ಆರಿಸುತ್ತಿದ್ದ ನೆಲ್ಡಾ ಬಂದು ಪತ್ರಿಕೆಯನ್ನು ತೆಗೆದುಕೊಂಡು ಉಳಿದ ಭಾಗವನ್ನು ತಾನೇ ಓದಿದಳು. ಅಲ್ಲಿ ಹೀಗಿತ್ತು: ಹುಲ್ಲಿನ ಟೋಪಿ ಧರಿಸಿ, ಬಿಸಿಲಿಗೆ ಬುದ್ಧಿ ಕಲಕಿ ಅಲೆಯುತ್ತಿದ್ದ ದಿಕ್ಕಿಲ್ಲದ ಹೆಂಗಸೊಬ್ಬಳನ್ನು ಆ ಭೂಗರ್ಭಶಾಸ್ತ್ರಜ್ಞರು ದಯದಿಂದ ಕಾಪಾಡಿದರು. ನೆಲ್ಡಾ ತಲೆಯ ಮೇಲಿನ ಟೋಪಿ ತೆಗೆದು ಒಮ್ಮೆ ನೋಡಿ, ನನ್ನ ಮೇಜಿನ ಮೇಲಿಟ್ಟಳು.

"ರೊವೀನಾ, ನಿನ್ನ ಹಿಂದಿನ ಕೋಣೆ ಖಾಲಿ ಇದೆಯಾ?"

"ಇದೆ. ಯಾರಿಗೆ?"

"ಒಬ್ಬಳು ದಿಕ್ಕಿಲ್ಲದೋಳಿಗೆ."

ಸಂಜೆ ವರ್ಲಿನ್ ಹುಡುಕಿಕೊಂಡು ಬಂದ. ಕೋಣೆಯ ಬಾಗಿಲಲ್ಲಿ ನಿಂತು, "ಅದು ಇಲಾಖೆಯೋಳು ಅಂದ್ಕೊಂಡೆ ಕಣೇ. ಕಕ್ಕಸು ಉಳಿಸೋಕೆ ಹೇಳಿದ್ದು," ಎಂದು ಒಂದಕ್ಕೆ ಹತ್ತು ಸಲ ಹೇಳಿದ.

"ಕಕ್ಕಸು ಉಳೀತಲ್ಲ. ಅದರ ಜೊತೆ ಸಂಸಾರ ಮಾಡು."

"ಊಟಕ್ಕೆ ಏನು ಮಾಡ್ಲಿ?"

"ಭೂಗರ್ಭದಲ್ಲಿ ಏನಾದ್ರೂ ಸಿಗುತ್ತೆ ನೋಡು." ಆಮೇಲೆ ದನಿ ಇಳಿಸಿ ಹೇಳಿದಳು. "ನಾನು ಟಲ್ಸಾದಲ್ಲಿ ನನ್ನ ಅಕ್ಕತಂಗೀರನ್ನ, ನನ್ನ ಪಿಯಾನೋನ, ಹಸಿರು ಹುಲ್ಲನ್ನ ಬಿಟ್ಟು ನಿನ್ನ ಹಿಂದೆ ಬಂದೆ ವರ್ಲಿನ್. ಯಾರ ಮುಂದೆ ನನ್ನನ್ನ ಇಲ್ಲ ಅಂದೆಯೋ ಅವಳ ಮುಂದೆ ಇದೀನಿ ಅಂತ ಹೇಳು. ಅಲ್ಲೀತನಕ ನಾನು ಇಲ್ಲ."

ವರ್ಲಿನ್ ಅಂದು ಉಪ್ಪು ಹಚ್ಚಿದ ಮೀನಿನ ಡಬ್ಬಿಯೊಂದನ್ನು ಕೊಂಡುಕೊಂಡು ಹೋದ. ಕಲ್ಲಿನವನು ಇವನೇ ಎಂದು ನಾನು ಬಾಯಿ ಬಿಡಲಿಲ್ಲ, ನೆಲ್ಡಾಳೂ ಬಿಡಲಿಲ್ಲ. ಊರಿನ ಸಿಟ್ಟಿಗೆ ಸಿಕ್ಕಿದ್ದರೆ ಅವನಿಗೂ ಉಪ್ಪು ಹಚ್ಚಿ ಡಬ್ಬಿಗೆ ಹಾಕುತ್ತಿದ್ದರು.

ಊರಿಗೆ ಗೊತ್ತಿಲ್ಲದ್ದರಿಂದ ಇನ್ನೊಂದು ಅನಾಹುತವಾಯಿತು. ಅಪಮಾನಕ್ಕೆ ಉತ್ತರ ಕೊಡಲು ಹೋಬಾರ್ಟ್ ಒಂದು ಸಮಿತಿ ರಚಿಸಿದ. ತಂತಿ, ಕೊಳವೆ ಇಲ್ಲದ ಬದುಕಿನ ಬಗ್ಗೆ ಕೌಂಟಿಯಲ್ಲಿ ಅತಿ ಹೆಚ್ಚು ಮಾತಾಡಿದವನು ಯಾರು? ವರ್ಲಿನ್ ಟ್ಯಾಗರ್ಟ್ ಅವಿರೋಧವಾಗಿ ಸಮಿತಿಯ ಮುಖ್ಯಸ್ಥನಾದ. ಬೇಡವೆನ್ನಲು ಎದ್ದು ನಿಂತವನು ಜನರ ಮುಖ ನೋಡಿ ಭಾಷಣವನ್ನೇ ಮಾಡಿದ. ಮಾಡುತ್ತ ಮಾಡುತ್ತ ಅವನಿಗೆ ನಿಜವಾಗಿಯೇ ಸಿಟ್ಟು ಬಂತು. "ಯಾವನೋ ಕಲ್ಲು ಹಿಡ್ಕೊಂಡು ನಿಂತಿದ್ದನಂತೆ, ಇವಳು ನಂಬಿದಳಂತೆ. ಮಾತಾಡೋ ಮೊದಲು ಆ ಮನುಷ್ಯ ಎಂಥೋನು ಅಂತ ನೋಡಬೇಡವಾ?" ಎಂದು ಮೇಜು ಗುದ್ದಿದ. ಆ ಕಲ್ಲಿನವನ ಮೇಲೆ ಅವನಿಗಿದ್ದಷ್ಟು ಕೋಪ ಹೋಬಾರ್ಟ್‌ಗೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನೆಲ್ಡಾ ಹೆಣೆಯುತ್ತಿದ್ದ ಕಾಲುಚೀಲದಿಂದ ತಲೆ ಎತ್ತಲಿಲ್ಲ.

ಸಮಿತಿ "ಸ್ವಂತ ಒಲೆ"ಯವರಿಗೆ ಮತ್ತೆ ಬಂದು ನೋಡಬೇಕೆಂದು ಸವಾಲು ಹಾಕಿತು. ಯಾರನ್ನಾದರೂ ಕಳಿಸುತ್ತೇವೆಂದು ಅವರು ಒಪ್ಪಿಕೊಂಡರು. ಹೋಬಾರ್ಟ್‌ಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ರಾಜಧಾನಿಯ ದಿನಪತ್ರಿಕೆಗೆ ತಾನೇ ಖಾರವಾಗಿ ಬರೆದ: ಪಾಲೋ ಸೆಕೋದಲ್ಲಿ ನೂರಾರು ಕುಟುಂಬಗಳು ಯಾವ ಸರ್ಕಾರದ ಹಂಗೂ ಇಲ್ಲದೆ ತಾವೇ ತೋಡಿದ ಬಾವಿ, ತಾವೇ ಕಟ್ಟಿದ ಕಕ್ಕಸುಗಳೊಂದಿಗೆ ರಾಜರಂತೆ ಬಾಳುತ್ತಿವೆ. ರಾಜಧಾನಿಯ ನೈರ್ಮಲ್ಯ ಇಲಾಖೆಯವರೂ ಪತ್ರಿಕೆ ಓದುತ್ತಾರೆಂಬುದು ಅವನಿಗೆ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಬಂದಿಳಿದ ಬಡಕಲು ಮನುಷ್ಯನ ಕೈಯಲ್ಲಿ ಉದ್ದನೆಯ ಕಬ್ಬಿಣದ ಸರಳಿತ್ತು. ನೀರು ತುಂಬಿಸುತ್ತಿದ್ದ ವರ್ಲಿನ್ ಅದನ್ನು ಕಂಡ. ಹೋದ ಸಲ ಸರಳು ಹಿಡಿದು ಬಂದವಳು ಪತ್ರಿಕೆಯವಳು. ಅಂದಮೇಲೆ ಇವನೂ ಪತ್ರಿಕೆಯವನೇ. ಒಮ್ಮೆ ಮೋಸಹೋದವನು ಎರಡನೆಯ ಸಲ ಅದೇ ರೀತಿ ಮೋಸಹೋಗುವುದಿಲ್ಲ, ಬೇರೆ ರೀತಿ ಹೋಗುತ್ತಾನೆ.

"ನಾನು ಲುಸೇರೋ. ಪತ್ರಿಕೆಯಲ್ಲಿ ಬಂದಿದ್ದು ನೋಡಿ—"

"ಗೊತ್ತು ಸ್ವಾಮಿ, ಪತ್ರಿಕೆ. ಕಾಯ್ತಾನೇ ಇದ್ವಿ. ಹತ್ತಿ ಗಾಡಿ."

ಮೊದಲು ತೋರಿಸಿದ್ದು ದಿಬ್ಬದ ಮೇಲಿನ ಕಟ್ಟಡವನ್ನೇ. "ಇದನ್ನ ಪ್ರಾರ್ಥನಾಮಂದಿರ ಅಂತ ಯಾವನೋ ಹೇಳಿದಾನೆ. ಶುದ್ಧ ಸುಳ್ಳು. ಕಕ್ಕಸು. ಗುಂಡಿ ನಾನೇ ತೋಡಿದ್ದು."

"ಅಪ್ಪಣೆ ತಗೊಂಡಿದೀರಾ?"

"ಅಪ್ಪಣೆ ಕೇಳೋನು ಸ್ವಾವಲಂಬಿ ಹೇಗಾಗ್ತಾನೆ? ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ."

ಲುಸೇರೋ ಬರೆದುಕೊಂಡ. "ಈ ಥರದ್ದು ಇನ್ನೂ ಇವೆಯಾ?"

"ಇವೆಯಾ ಅಂತ ಕೇಳ್ತೀರಲ್ಲ," ಎಂದು ವರ್ಲಿನ್ ನಕ್ಕು, ಅವನನ್ನು ಕೌಂಟಿಯುದ್ದಕ್ಕೂ ಸುತ್ತಿಸಿದ. ಚೆಂಚಾ ಅಜ್ಜಿ ಸ್ನಾನದ ನೀರು ನೇರವಾಗಿ ಮೆಣಸಿನ ಪಾತಿಗೆ ಹೋಗುವುದನ್ನು ತೋರಿಸಿ, "ನೂರು ವರ್ಷದಿಂದ ಹೀಗೇ, ಯಾವ ನನ್ಮಗನನ್ನೂ ಕೇಳಿಲ್ಲ," ಎಂದು ಒಂದು ಬುಟ್ಟಿ ಮೆಣಸಿನಕಾಯಿ ಕೊಟ್ಟಳು. ಅಪ್ಪಣೆಯಿಲ್ಲದೆ ಬಾವಿ ಕೊರೆಯಕೂಡದೆಂದು ಮಂಡಳಿಯಲ್ಲಿ ಗೊತ್ತುವಳಿ ತಂದವನು ಹೋಬಾರ್ಟ್; ಅವನೇ ಕೊಟ್ಟಿಗೆಯ ಹಿಂದೆ ಕರೆದೊಯ್ದು ಹುಲ್ಲಿನ ಪಿಂಡಿಗಳನ್ನು ಸರಿಸಿ ಅಡಗಿಸಿಟ್ಟ ಬಾವಿಯನ್ನು ತೋರಿಸಿದ. "ಇದು ನನ್ನ ಹೆಂಡತಿಗೂ ಪೂರ್ತಿ ಗೊತ್ತಿಲ್ಲ," ಎಂದ. ಹಾದಿಯಲ್ಲಿ ಲುಸೇರೋ ಆಗಾಗ ಬಾಯಿ ತೆರೆಯುತ್ತಿದ್ದ. ತೆರೆದಾಗಲೆಲ್ಲ ಯಾರಾದರೂ ಅದಕ್ಕೆ ಏನನ್ನಾದರೂ ಇಡುತ್ತಿದ್ದರು.

ಮಧ್ಯಾಹ್ನ ಸಮುದಾಯ ಭವನದಲ್ಲಿ ಔತಣ. ಮೇಕೆ ಸುಟ್ಟಿದ್ದರು, ಹಸಿಮೆಣಸಿನಕಾಯಿಯ ಮಾಂಸದ ಸಾರು, ಬೇಯಿಸಿದ ಕಾಳು, ಬಿಸಿ ತೊರ್ತಿಯಾ ರೊಟ್ಟಿ. ನೆಲ್ಡಾ ಅಡುಗೆಮನೆಯಿಂದ ಬಡಿಸುತ್ತಿದ್ದಳು. ಗಂಡನ ತಟ್ಟೆ ಬಂದಾಗ ಮಾತ್ರ ಸೌಟು ಬೇರೆಯವರ ಕೈಗೆ ಕೊಡುತ್ತಿದ್ದಳು. ಊಟ ಮುಗಿಯುತ್ತಲೇ ಹೋಬಾರ್ಟ್ ಎದ್ದ.

"ಈಗ ನಮ್ಮ ಪರೀಕ್ಷಕರು ನೂರಕ್ಕೆ ಎಷ್ಟು ಅಂತ ಹೇಳಬೇಕು."

ಲುಸೇರೋ ಬಾಯಿ ಒರೆಸಿಕೊಂಡು ನಿಂತ. "ಇಷ್ಟು ಒಳ್ಳೇ ಊಟ ನಾನು ಎಲ್ಲೂ ಮಾಡಿಲ್ಲ. ಆದ್ರೆ ಅಂಕ ಹಾಕೋನು ನಾನಲ್ಲ. ನೈರ್ಮಲ್ಯ ಇಲಾಖೆಯವನು. ಬೆಳಗ್ಗೆಯಿಂದ ಹೇಳೋಕೆ ನೋಡ್ತಿದೀನಿ." ಒಂದು ಕ್ಷಣ ಯೋಚಿಸಿ ಸೇರಿಸಿದ. "ಕಕ್ಕಸು, ಮೆಣಸಿನ ಪಾತಿ, ಕೊಟ್ಟಿಗೆ ಹಿಂದಿನ ಬಾವಿ, ನೀವು ತೋರಿಸಿದ್ದರಲ್ಲಿ ಕಾಯಿದೆಗೆ ಒಪ್ಪೋದು ಮೇಕೆ ಒಂದೇ."

ಹೋಬಾರ್ಟ್‌ನ ಹೆಂಡತಿ, "ಬಾವಿ ಅಂದ್ರಾ? ಯಾವ ಬಾವಿ?" ಎಂದು ಮೆಲ್ಲಗೆ ಕೇಳಿದಳು. ಇಡೀ ಸಭೆ ವರ್ಲಿನ್ ಕಡೆ ತಿರುಗಿತು.

ಆಗ ಬಾಗಿಲು ತೆರೆಯಿತು. ಥೀಯಾ ಮಾರ್ಲೊ. ಮರುಪರೀಕ್ಷೆಗೆ ತಾನೇ ಬಂದಿದ್ದಳು. ಸಾಲಾಗಿ ಕುಳಿತ ಮುಖಗಳಲ್ಲಿ ಪರಿಚಯದ್ದೊಂದು ಕಂಡು ಸಂತೋಷದಿಂದ ಕೈ ಚಾಚಿದಳು. "ಭೂಗರ್ಭಶಾಸ್ತ್ರಜ್ಞರು ಇನ್ನೂ ಇಲ್ಲೇ ಇದೀರಾ? ಆ ಹೆಂಗಸನ್ನ ಊರು ಮುಟ್ಟಿಸಿದ್ರಾ?"

ಹೋಬಾರ್ಟ್ ಕುರ್ಚಿ ಹಿಂದಕ್ಕೆ ತಳ್ಳಿದ. "ಅವನು ನೀನೇನಾ?"

ಚೆಂಚಾ ಅಜ್ಜಿ ಕೋಲು ಹುಡುಕತೊಡಗಿದಳು. ವರ್ಲಿನ್ ಬಾಗಿಲ ಕಡೆ ನೋಡಿದ. ದಾರಿ ಖಾಲಿ ಇತ್ತು. ಅಡುಗೆಮನೆಯ ಕಡೆ ನೋಡಿದ. ನೆಲ್ಡಾ ಸೌಟು ಹಿಡಿದು ನಿಂತಿದ್ದಳು.

"ನನಗೆ ಕಲ್ಲಿನ ವಿಷಯ ಏನೂ ಗೊತ್ತಿಲ್ಲಮ್ಮ," ಎಂದ. "ನಾನು ಬೂಟು ಮಾರ್ತಿದ್ದೋನು. ಹೊಗೆ ಬರ್ತಿದ್ದ ಮನೆ ನಂದು. ಕಕ್ಕಸು ನಂದು, ಅಪ್ಪಣೆ ಇಲ್ಲ, ಅದನ್ನ ಇವರು ಬರ್ಕೊಂಡಾಗಿದೆ. ಆ ಹೆಂಗಸಿಗೆ ದಿಕ್ಕು ತಪ್ಪಿರಲಿಲ್ಲ. ನೆಲ್ಡಾ ಅಂತ, ನನ್ನ ಹೆಂಡತಿ. ನಿಮ್ಮನ್ನ ಕಾಫಿಗೆ ಕರೀತಿದ್ದಳು. ಆ ಮನೇಲಿ ವಾಸ ಅಂತ ಏನಾದ್ರೂ ನಡೀತಿದ್ರೆ ಅದು ಅವಳಿಂದ. ಅವಳು ಬಿಟ್ಟು ಹೋದ ಮೇಲೆ ನಾನು ಡಬ್ಬಿ ಮೀನು ತಿಂದ್ಕೊಂಡು ಬದುಕಿದೀನಿ."

ನೆಲ್ಡಾ ಹೊರಗೆ ಬಂದು ಅವನ ತಟ್ಟೆಯನ್ನು ಎಳೆದುಕೊಂಡು ಅಂಚಿನವರೆಗೆ ಸಾರು ಸುರಿದಳು. "ತಿನ್ನು. ಮನೆಗೆ ಹೋದ ಮೇಲೆ ಇನ್ನೂ ಇದೆ ನಿನಗೆ," ಎಂದಳು. ಇನ್ನೂ ಇರುವುದು ಸಾರೋ ಬೈಗುಳವೋ ಸ್ಪಷ್ಟವಾಗಲಿಲ್ಲ.

ಸಿಟ್ಟು ಅಷ್ಟಕ್ಕೇ ಆರಿಹೋಗುವ ಊರಲ್ಲ ನಮ್ಮದು. ಗಂಡ ಹೆಂಡಿರ ನಡುವೆ ಹೋಗಬಾರದೆಂದು ಅದು ದಿಕ್ಕು ಬದಲಿಸಿತಷ್ಟೆ. "ಹೊಗೆ ಕಂಡ್ರೂ ಮನೇಲಿ ಜನ ಇಲ್ಲ ಅಂತ ಬರೆದೆಯಲ್ಲ, ನಿನಗೆ ಕೆಲಸ ಕೊಟ್ಟೋರು ಯಾರು?" ಎಂದು ಚೆಂಚಾ ಅಜ್ಜಿ ಥೀಯಾಳನ್ನು ಹಿಡಿದಳು. ಥೀಯಾಳೂ ಸುಮ್ಮನಿರಲಿಲ್ಲ. "ಇಡೀ ಕೌಂಟೀಲಿ ಒಂದು ನಿಜ ಕೇಳೋಕೆ ನಾನು ಎರಡು ಸಲ ಬರಬೇಕಾಯ್ತು," ಎಂದು ಕೂಗಿ, ಬಾಗಿಲು ಬಡಿದು ಹೋಗಿ ಕಾರು ಹತ್ತಿದಳು. ಸಿಟ್ಟಿನಲ್ಲಿ ರಸ್ತೆ ಬಿಟ್ಟು ಒಣಹಳ್ಳಕ್ಕೆ ಇಳಿಸಿದಳು. ಕಾರು ಬಾಗಿಲ ಮಟ್ಟಕ್ಕೆ ಮರಳಲ್ಲಿ ಹೂತುಕೊಂಡಿತು.

ಬಯ್ಯುತ್ತಿದ್ದವರೆಲ್ಲ ಬಯ್ಯುತ್ತಲೇ ಹೊರಗೆ ಬಂದರು. ಹೋಬಾರ್ಟ್ ಹಗ್ಗ ತಂದ, ನಾನು ಅಂಗಡಿಯಿಂದ ಹಲಗೆ ತಂದೆ, ವರ್ಲಿನ್ ಮಲಗಿ ಚಕ್ರದ ಕೆಳಗಿನ ಮರಳು ತೋಡಿದ, ಲುಸೇರೋ ಇಲಾಖೆಯ ಪ್ಯಾಂಟು ಮೊಣಕಾಲಿಗೆ ಮಡಿಸಿ ಹಿಂದಿನಿಂದ ತಳ್ಳಿದ. ಅಜ್ಜಿ ದಡದಲ್ಲಿ ನಿಂತು ಎಲ್ಲರಿಗೂ ಸಮನಾಗಿ ಬಯ್ದಳು. ಕಾರು ಮೇಲೆ ಬಂದಾಗ ಥೀಯಾ ಥ್ಯಾಂಕ್ಸ್ ಹೇಳಿದಳು. "ಹೋಗು ಹೋಗು," ಎಂದಳು ಅಜ್ಜಿ, ಕಿಟಕಿಯಿಂದ ಒಂದು ಬುಟ್ಟಿ ಮೆಣಸಿನಕಾಯಿ ಒಳಗೆ ತಳ್ಳಿ.

ಆ ಬೇಸಗೆ ಇಡೀ ಕೌಂಟಿ ಕಾಯಿದೆ ಪ್ರಕಾರ ಹೊಸ ಗುಂಡಿ ತೋಡಿತು. ನನ್ನ ಅಂಗಡಿಯ ಹಾರೆಗಳೆಲ್ಲ ಖರ್ಚಾದವು. ಹೋಬಾರ್ಟ್ ತನ್ನದೇ ಗೊತ್ತುವಳಿ ಮುರಿದದ್ದಕ್ಕೆ ತಾನೇ ತಪ್ಪೊಪ್ಪಿಗೆ ಬರೆದುಕೊಟ್ಟ. ನೆಲ್ಡಾ ದಿಬ್ಬದ ಬಣ್ಣದ ಗಾಜನ್ನು ಕೀಳಿಸಿ ತನ್ನ ಅಡುಗೆಮನೆಗೆ ಹಾಕಿಸಿಕೊಂಡಳು. ಏಣಿ ಹಿಡಿದುಕೊಂಡವನು ವರ್ಲಿನ್.

ಶರತ್ಕಾಲದಲ್ಲಿ ಮರುಪರೀಕ್ಷೆಯ ಸಂಚಿಕೆ ಬಂತು. ನೀರಿಗೆ ಸೊನ್ನೆ, ಮಣ್ಣಿಗೆ ಸೊನ್ನೆ, ರಸ್ತೆಗೆ ಸೊನ್ನೆ, ಹೂತುಹೋದವರನ್ನು ಎಳೆಯುವುದಕ್ಕೆ ಒಂದು. ಆ ಒಂದು ಅಂಕದಿಂದ ನಾವು ಕೊನೆಯಿಂದ ಎರಡನೆಯವರಾದೆವು. "ಒಂದೇ ಅಂಕಾನಾ? ನನ್ನ ಹಗ್ಗವೇ ತುಂಡಾಯ್ತು," ಎಂದು ಹೋಬಾರ್ಟ್ ಮತ್ತೆ ಕೆಂಪಾದ. ಪಕ್ಕದ ಮೇಸಾ ರೋಟಾ ಕೌಂಟಿ ಕೆಳಗಿಳಿದು ಕೊನೆಯದಾಯಿತು.

ಮರುವಾರ ಅಲ್ಲಿಂದ ಮೂವರು ಗಂಡಸರು ಇಸ್ತ್ರಿ ಅಂಗಿ ತೊಟ್ಟು ನನ್ನ ಅಂಗಡಿಗೆ ನುಗ್ಗಿದರು. ವರ್ಲಿನ್, ನೆಲ್ಡಾ ನೀರಿಗೆ ಬಂದಿದ್ದರು, ಹೋಬಾರ್ಟ್, ಚೆಂಚಾ ಅಜ್ಜಿಯೂ ಅಲ್ಲೇ ಇದ್ದರು.

"ನಿಮ್ಮ ಸಮಿತಿ ಮುಖ್ಯಸ್ಥ ಯಾರು?" ಎಂದ ಅವರಲ್ಲಿ ಹಿರಿಯ. "ಆಯಮ್ಮನಿಗೆ ಏನು ತಿನ್ನಿಸಿದ್ರೋ ಏನೋ, ನೀವು ಮೇಲೆ ಹತ್ತಿದ್ರಿ. ನಮ್ಮದು ಜನ ಬಾಳೋ ಜಾಗ ಅಲ್ಲವಂತೆ."

ನೆಲ್ಡಾ ಎದ್ದು ಮೂರು ಲೋಟಕ್ಕೆ ಕಾಫಿ ಬಗ್ಗಿಸಿದಳು. ಅಷ್ಟು ಕರುಣೆಯ ಮುಖವನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ.

"ಕೂತ್ಕೊಳ್ಳಿ ಅಣ್ಣ, ಸಿಟ್ಟು ಬರೋದು ಸಹಜ," ಎಂದಳು. "ಆದ್ರೆ ನೀವೇ ಯೋಚನೆ ಮಾಡಿ. ಮೇಸಾ ರೋಟಾದಲ್ಲಿ ಮನುಷ್ಯರಾದೋರು ಹೇಗೆ ಇರ್ತಾರೆ?"

"ಅಲ್ಲಿಯ ಗಾಳಿ ಒಂದು ಸಾಕಲ್ಲ," ಎಂದ ವರ್ಲಿನ್.

ಚೆಂಚಾ ಅಜ್ಜಿ ಹೌದೆಂದು ತಲೆಯಾಡಿಸಿದಳು. ಹೋಬಾರ್ಟ್ ನಿಟ್ಟುಸಿರು ಬಿಟ್ಟ. ಮೂವರೂ ಕಾಫಿ ಮುಟ್ಟದೆ ಎದ್ದು ಹೊರಗೆ ಹೋದರು. ಹೊಸ್ತಿಲು ದಾಟುತ್ತಿದ್ದಂತೆ ನಮ್ಮ ಗಾಳಿ ಹಿರಿಯನ ಟೋಪಿಯನ್ನು ಎಗರಿಸಿ, ರಸ್ತೆ ದಾಟಿಸಿ, ಮುಳ್ಳುತಂತಿಯ ಬೇಲಿಗೆ ಸಿಕ್ಕಿಸಿತು. ಅದನ್ನು ನಾವು ಯಾರೂ ನೋಡಲಿಲ್ಲ.